ಜೇನಜ್ಜಿಯ ವೀಳ್ಯದ ತಟ್ಟೆ ಮತ್ತು ಬೆಂಗಳೂರಿನ ಸಭೆ

ನಾನು ಹೇಳೋಕೆ ಹೊರಟಂಥ ಪ್ರಸಂಗಗಳು ಒಂದು ಸಲ ನಡೆದು ಸುಮ್ಮನಾಗುವ ಜಾತಿಯವಲ್ಲ. ಬಂಗಾರಪೇಟೆಯ ನಮ್ಮ ಮೆಂಬರ ಮನೆಯಲ್ಲಿ ನಾನು ಹದಿನಾಲ್ಕು ವರ್ಷ ಒಲೆ ಉರಿಸಿದೆ, ತಿಂಗಳಿಗೊಂದಾದರೂ ನಡೀತಿತ್ತು. ಮೆಂಬರು ಅಂದರೆ ಬೆಂಗಳೂರಿನ ಶಾಸನಸಭೆಗೆ ನಮ್ಮ ಕಡೆಯಿಂದ ಆರಿಸಿ ಹೋದವರು. ಆಗೆಲ್ಲ ಜನ ಕರೀತಿದ್ದದ್ದೇ ಹಾಗೆ. ನನಗೆ ದೂರದ ನಂಟು. ನನ್ನ ಗಂಡ ಹೋದ ಮೇಲೆ "ಅಕ್ಕಯ್ಯ, ನಮ್ಮನೇಲೇ ಇದ್ದುಬಿಡು" ಅಂದರು, ಇದ್ದುಬಿಟ್ಟೆ. ನಾನು ಓದಿದ್ದು ಎರಡನೇ ಕ್ಲಾಸು. ಆದರೆ ಅಡುಗೆಮನೆಗೂ ಪಡಸಾಲೆಗೂ ಮಧ್ಯೆ ಇದ್ದದ್ದು ಒಂದು ಹಳೇ ಸೀರೆಯ ಪರದೆ. ಕಾನೂನು ಹೇಗೆ ಹುಟ್ಟುತ್ತೆ, ಎಲ್ಲಿ ಮಲಗುತ್ತೆ, ಯಾವಾಗ ಸಾಯುತ್ತೆ, ಎಲ್ಲಾ ಆ ಪರದೆಯ ಹಿಂದೆ ನಿಂತೇ ಕಲಿತೆ. ಅದರಲ್ಲಿ ಕಾಮಸಮುದ್ರದ ಕಾಡಿನ ಜನರ ವಿಷಯ ಒಂದನ್ನ ಮಾತ್ರ ಬರೀತೀನಿ. ಮಿಕ್ಕವನ್ನ ಬರೆದರೆ ಕೆಲವರು ಇನ್ನೂ ಬದುಕಿದ್ದಾರೆ.

ಬುರುಡೆಯ ಗುರುತು

ಕಾಮಸಮುದ್ರ ದಾಟಿ ಕಾಡೊಳಗೆ ಹೋದರೆ ಇರುಳಿಗರ ಹದಿನೆಂಟು ಗುಡಿಸಲು. ಅವರ ಪೈಕಿ ಹಿರಿಯಳು ಒಬ್ಬಳು ಮುದುಕಿ. ತಿಂಗಳಿಗೊಂದು ಸಲ ಸೋರೆಬುರುಡೆಯಲ್ಲಿ ಜೇನು ತುಂಬಿಕೊಂಡು ನಮ್ಮ ಮನೆಗೆ ಬರೋಳು, ರಾಗಿ ತಗೊಂಡು ಹೋಗೋಳು. ನಾವೆಲ್ಲ ಜೇನಜ್ಜಿ ಅಂತಲೇ ಕರೀತಿದ್ದೆವು.

ಒಂದು ಬೆಳಗ್ಗೆ ಬರಿಗೈಲಿ ಬಂದಳು. ಜಗಲಿ ತುಂಬ ಅರ್ಜಿ ಹಿಡಿದ ಜನ. ಮೆಂಬರು ಮಧ್ಯದಲ್ಲಿ ಕೂತು ರೊಟ್ಟಿ ತಿನ್ನುತ್ತಾ ಅಹವಾಲು ಕೇಳುತ್ತಿದ್ದರು. ಅವರಿಗೆ ಎರಡು ಕೆಲಸ ಒಟ್ಟಿಗೆ ಮಾಡೋಕೆ ಬರುತ್ತಿದ್ದದ್ದು ಅದೊಂದೇ.

"ಸಾಮಿ, ಒಸಾ ಗಾರ್ಡು ಬಂದವ್ನೆ" ಅಂದಳು ಜೇನಜ್ಜಿ. "ಕಾಡು ಸರ್ಕಾರದ್ದಂತೆ. ಜೇನುಹುಳಾನೂ ಸರ್ಕಾರದ್ದಂತೆ. ಗೆಣಸು ಅಗಿಯಂಗಿಲ್ಲ, ಸೌದೆ ಮುಟ್ಟಂಗಿಲ್ಲ. ಮುಂದಿನ ಮಳೆ ಒಳಗೆ ಗುಡಿಸ್ಲು ಕಿತ್ಕೊಂಡು ಓಗಿ ಅಂತಾನೆ. ನಮ್ಮಜ್ಜಂದಿರನ್ನ ಮಣ್ಣು ಮಾಡಿರೋ ಜಾಗ ಅದು. ಎಲ್ಲಿಗೋಗಾನ?"

"ಅನ್ಯಾಯ" ಅಂದರು ಮೆಂಬರು, ರೊಟ್ಟಿ ಮುರೀತಾ.

"ನಿನ್ನೆ ನನ್ ಕೈಲಿದ್ದ ಜೇನೂ ಕಿತ್ಕೊಂಡ."

"ಶುದ್ಧ ಅನ್ಯಾಯ" ಅಂತ ರೊಟ್ಟಿಯ ಚೂರನ್ನ ಅದ್ದಿದರು. ಅದ್ದಿದ್ದು ಜೇನಿಗೆ. ಜೇನು ಇದ್ದದ್ದು ಸೋರೆಬುರುಡೆಯಲ್ಲಿ. ಬುರುಡೆಯ ಕುತ್ತಿಗೆಗೆ ಒಂದು ನೀಲಿ ಮಣಿ ಕಟ್ಟಿತ್ತು.

ಜೇನಜ್ಜಿ ಮಣಿಯನ್ನ ನೋಡಿದಳು. ಜಗಲಿಯವರು ಜೇನಜ್ಜಿಯನ್ನ ನೋಡಿದರು. ನಾನು ಪರದೆಯ ಹಿಂದೆ ಸರಿದೆ, ಯಾಕಂದ್ರೆ ಆ ಬೆಳಗ್ಗೆ ಹಿತ್ತಲ ಬಾಗಿಲಿಗೆ ಬಂದು "ಮೆಂಬರಿಗೆ ಕಾಣಿಕೆ ಅಕ್ಕಯ್ಯ" ಅಂತ ಗಾರ್ಡು ಕೊಟ್ಟಿದ್ದನ್ನ ಇಸಕೊಂಡವಳು ನಾನೇ.

"ಸಾಮಿ, ಆ ಮಣಿ ನನ್ ಮೊಮ್ಮಗಳ್ದು" ಅಂದಳು ಜೇನಜ್ಜಿ.

ಮೆಂಬರು ಬಾಯಲ್ಲಿದ್ದದ್ದನ್ನ ಉಗುಳೋ ಹಾಗೂ ಇಲ್ಲ, ನುಂಗೋ ಹಾಗೂ ಇಲ್ಲ. ನುಂಗಿದರು. ಎದ್ದು ನಿಂತು, "ಇದನ್ನ ನಾನು ಬೆಂಗಳೂರಿನ ಸಭೆಯಲ್ಲೇ ಕೇಳ್ತೀನಿ" ಅಂತ ಘೋಷಿಸಿದರು. ಅಲ್ಲಿಗೆ ಆರಿಸಿ ಹೋಗಿ ಮೂರು ವರ್ಷವಾಗಿತ್ತು. ಆಕಳಿಸೋದಕ್ಕೆ ಬಿಟ್ಟು ಬೇರೆ ಯಾವುದಕ್ಕೂ ಅಲ್ಲಿ ಬಾಯಿ ತೆರೆದವರಲ್ಲ.

ಜೇನಜ್ಜಿ ಕೈ ಚಾಚಿದಳು. "ಅಲ್ಲಿ ಕೇಳೋದು ಆಮ್ಯಾಕೆ ಕೇಳು ಸಾಮಿ. ಮೊದ್ಲು ಬುರುಡೆ ಇತ್ತ ಕೊಡು. ಇನ್ನೂ ಎಲ್ಡು ರೊಟ್ಟಿಗಾಗೋಷ್ಟು ಐತೆ."

ಹಿತ್ತಲಲ್ಲಿ ಸಭೆ

ಹೇಳಿದ್ದೇನೋ ಹೇಳಿಬಿಟ್ಟರು. ಸಭೆಯಲ್ಲಿ ಎದ್ದು ನಿಂತು ಮಾತಾಡಿ ಗೊತ್ತಿಲ್ಲ. ಹಾಗಾಗಿ ಹಿತ್ತಲಲ್ಲಿ ಅಭ್ಯಾಸ ಶುರುವಾಯಿತು. ಅಮ್ಮಾವ್ರು, ಅಂದರೆ ಅವರ ಹೆಂಡತಿ, ಸಭಾಧ್ಯಕ್ಷರು. ಒರಳುಕಲ್ಲಿನ ಮೇಲೆ ಕೂತರು. ನಾನು ಮಂತ್ರಿ, ಬಾವಿಕಟ್ಟೆಯ ಮೇಲೆ ಅವರೆಕಾಯಿ ಸುಲಿಯುತ್ತಾ ಕೂತೆ. ಮೆಂಬರು ನುಗ್ಗೆಮರ ಹಿಡಿದು ನಿಂತರು.

"ಮೊದಲನೇ ನಿಯಮ" ಅಂದರು. "ಯಾರು ಏನೇ ಮಾತಾಡಿದ್ರೂ ಅಧ್ಯಕ್ಷರ ಅಪ್ಪಣೆ ಬೇಕು. ಅಧ್ಯಕ್ಷರ ಮುಖ ನೋಡ್ಕೊಂಡೇ ಮಾತಾಡಬೇಕು. ಅವರು ಕೂತ್ಕೊ ಅಂದ್ರೆ ಕೂತ್ಕೋಬೇಕು."

ಅಮ್ಮಾವ್ರ ಮುಖದಲ್ಲಿ ಮದುವೆ ದಿನವೂ ಅಂಥ ಕಳೆ ಇರಲಿಲ್ಲ.

ನನ್ನ ಪಾಠ ಸಣ್ಣದು. "ಅಕ್ಕಯ್ಯ, ನಾನು ಏನು ಕೇಳಿದ್ರೂ ನೀನು ಇಷ್ಟೇ ಹೇಳು: ಮಾಹಿತಿ ಸಂಗ್ರಹಿಸಲಾಗುತ್ತಿದೆ."

"ಹಂಗಂದ್ರೆ ಇಲ್ಲ ಅಂತಲಾ?"

"ಇಲ್ಲ ಅಂತಲ್ಲ. ಹೌದು ಅಂತಾನೂ ಅಲ್ಲ. ಅಷ್ಟು ಹೇಳಿದ ಮೇಲೆ ಆ ಕಡೆಯವರೂ ಏನೂ ಮಾಡೋ ಹಂಗಿಲ್ಲ, ಈ ಕಡೆಯವರೂ ಮಾಡೋ ಹಂಗಿಲ್ಲ."

ಇಂಥ ಮಾತೊಂದು ಕನ್ನಡದಲ್ಲಿದೆ ಅಂತ ನನಗೆ ಅಲ್ಲಿವರೆಗೆ ಗೊತ್ತಿರಲಿಲ್ಲ. ಮೂರು ಸಲ ಹೇಳಿ ಬಾಯಿಪಾಠ ಮಾಡಿಕೊಂಡೆ.

ಮೆಂಬರು ಕಾಡಿನವರ ಬಗ್ಗೆ ಎರಡು ಪ್ರಶ್ನೆ ಕೇಳಿದರು, ನಾನು ಎರಡು ಸಲ ಮಾಹಿತಿ ಸಂಗ್ರಹಿಸಿದೆ. ಆಗ ಅಧ್ಯಕ್ಷರು, "ಒಂದು ಉಪಪ್ರಶ್ನೆ ಐತೆ" ಅಂದರು.

"ಅಧ್ಯಕ್ಷರು ಪ್ರಶ್ನೆ ಕೇಳೋ ಹಂಗಿಲ್ಲ."

"ಕೂತ್ಕೊಳ್ಳಿ."

ಕೂತರು.

"ಶನಿವಾರ ಶನಿವಾರ ಮುಖಕ್ಕೆ ಪೌಡರು ಹಾಕ್ಕೊಂಡು ಊರಿಗಾಂ ರೈಲು ಹತ್ತೋ ಸದಸ್ಯರು ಅಲ್ಲಿ ಯಾರ ಮನೆಗೆ ಓಗ್ತಾರೆ?"

ಅಲ್ಲಿನ ಚಿನ್ನದ ಗಣಿಯ ಕ್ಲಬ್ಬಿನಲ್ಲಿ ಪಿಯಾನೋ ಬಾರಿಸೋ ಒಬ್ಬ ದೊರೆಸಾನಿ ಇದ್ದಳು. ಮೆಂಬರಿಗೆ ಇದ್ದಕ್ಕಿದ್ದಂತೆ ಸಂಗೀತದ ಮೇಲೆ ಭಕ್ತಿ ಬಂದಿತ್ತು. ನಾನು ಕಣ್ಣಾರೆ ಕಂಡಿಲ್ಲ. ಕಂಡವರನ್ನ ಕಂಡಿದೀನಿ.

"ಇದು ವಿಷಯಕ್ಕೆ ಸಂಬಂಧಪಟ್ಟಿದ್ದಲ್ಲ" ಅಂದರು ಮೆಂಬರು, ನುಗ್ಗೆಕಾಯಿ ಎಣಿಸುತ್ತಾ.

"ಸಂಬಂಧ ಐತೋ ಇಲ್ವೋ ತೀರ್ಮಾನ ಮಾಡೋರು ಅಧ್ಯಕ್ಷರು ಅಂತ ನೀವೇ ಅಂದಿದ್ದು. ಮಂತ್ರಿಗಳು ಉತ್ತರ ಕೊಡಲಿ."

ಮಂತ್ರಿ ನಾನು. ಇಬ್ಬರೂ ನನ್ನನ್ನೇ ನೋಡಿದರು. ಒಬ್ಬರು ಅನ್ನ ಹಾಕೋರು, ಇನ್ನೊಬ್ಬರು ಅಳೆದು ಹಾಕೋರು. "ಮಾಹಿತಿ ಸಂಗ್ರಹಿಸಲಾಗುತ್ತಿದೆ" ಅಂದೆ.

"ಸಂಗ್ರಹಿಸಿ" ಅಂದರು ಅಮ್ಮಾವ್ರು. "ನಾನು ಇಲ್ಲೇ ಇರ್ತೀನಿ."

ಅಂದಿನಿಂದ ಮೆಂಬರು ಶನಿವಾರ ಊರಿಗಾಂಗೆ ಹೋಗೋದನ್ನ ಪೂರ್ತಿ ಬಿಟ್ಟರು. ಬುಧವಾರಕ್ಕೆ ಮುಂದೂಡಿದರು.

ಎಲೆ ಇಲ್ಲದ ಸಭೆ

ನಿರ್ಣಯ ಮಂಡಿಸೋ ದಿನ ಬಂತು. ನಿರ್ಣಯದಲ್ಲಿ ಇದ್ದದ್ದು ಎರಡೇ ಮಾತು: ಕಾಡಿನ ಜನ ಜೇನು, ಗೆಣಸು, ಒಣಸೌದೆ ತಗೋಬಹುದು, ಅವರ ಗುಡಿಸಲನ್ನ ಯಾರೂ ಎತ್ತಿಸೋ ಹಾಗಿಲ್ಲ. ಅಮ್ಮಾವ್ರು, ಜೇನಜ್ಜಿ, ನಾನು ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋದೆವು. ಆ ದೊಡ್ಡ ಕಲ್ಲಿನ ಸೌಧ ಆಗಿನ್ನೂ ಹೊಸದು. ನೋಡಿದರೆ ಕುತ್ತಿಗೆ ನೋಯುತ್ತಿತ್ತು.

ಗ್ಯಾಲರಿ ಬಾಗಿಲಲ್ಲಿ ಪೇಟದವನೊಬ್ಬ ನಿಂತಿದ್ದ. ಜೇನಜ್ಜಿಯ ಸೊಂಟದ ಚೀಲ ನೋಡಿ, "ಎಲೆ ಅಡಿಕೆ ಒಳಗೆ ತಗೊಂಡು ಹೋಗೋ ಹಂಗಿಲ್ಲ ಅಜ್ಜಿ, ಇಲ್ಲಿ ಕೊಡಿ" ಅಂದ.

"ಎಲೆ ಇಲ್ದೆ ಒಳಗೆ ಮಾತು ಎಂಗೆ ಇತ್ಯರ್ಥ ಆಗ್ತದೆ?"

ಅವನಿಗೆ ಅರ್ಥವಾಗಲಿಲ್ಲ. ಜೇನಜ್ಜಿ ಬಿಡಿಸಿ ಹೇಳಿದಳು. ಅವರ ಗುಡಿಸಲುಗಳಲ್ಲಿ ಏನಾದರೂ ತಕರಾರು ಬಂದರೆ ಎಲ್ಲರೂ ಸುತ್ತ ಕೂರ್ತಾರೆ. ನಡುವೆ ಒಂದು ತಟ್ಟೆ, ತಲೆಗೊಂದು ವೀಳ್ಯದೆಲೆ. ಒಪ್ಪಿದವರು ಒಂದೆಲೆ ತಗೊಂಡು ಬಾಯಿಗೆ ಹಾಕ್ಕೋತಾರೆ. ತಟ್ಟೇಲಿ ಒಂದೇ ಒಂದು ಎಲೆ ಉಳಿದರೂ ಮಾತು ಮುಗಿದಿಲ್ಲ, ಮಾರನೇ ದಿನ ಮತ್ತೆ ಕೂರಬೇಕು. ಖಾಲಿಯಾಯಿತೋ, ಮುಗೀತು. ಆಮೇಲೆ ಯಾವನಾದರೂ ಒಲ್ಲೆ ಅಂದರೆ ಅವನು ತಗೊಂಡಿದ್ದ ಎಲೆಯನ್ನ ವಾಪಸ್ ತಂದು ತಟ್ಟೆಗಿಡಬೇಕು. ಅದೇ ಎಲೆ.

ಹಿಂದೆ ಜನ ಸಾಲುಗಟ್ಟಿದ್ದರು. ಪೇಟದವನು ತಾಳ್ಮೆಯಿಂದ, "ಇಲ್ಲಿ ಬಾಯಲ್ಲಿ ಹೇಳ್ತಾರೆ ಅಜ್ಜಿ. ಹೌದು ಅಂತಾರೆ, ಇಲ್ಲಾಂದ್ರೆ ಇಲ್ಲ ಅಂತಾರೆ" ಅಂದ.

"ಬರೀ ಬಾಯಲ್ಲಾ?" ಅಂದಳು. ಚೀಲ ಕೊಟ್ಟಳು.

ಮೆಂಬರು ಚೆನ್ನಾಗಿಯೇ ಮಾತಾಡಿದರು, ಸುಳ್ಳು ಹೇಳಬಾರದು. ನುಗ್ಗೆಮರ ಇಲ್ಲದ್ದಕ್ಕೆ ಮುಂದಿನ ಮೇಜು ಹಿಡಿದುಕೊಂಡಿದ್ದರು. ಮುಗಿದ ಮೇಲೆ ಮಂತ್ರಿ ಎದ್ದು, ಸರ್ಕಾರಕ್ಕೆ ಪೂರ್ಣ ಸಹಾನುಭೂತಿ ಇದೆ, ಮಾನ್ಯ ಸದಸ್ಯರು ನಿರ್ಣಯವನ್ನ ಹಿಂದಕ್ಕೆ ತಗೊಂಡರೆ ಒಂದು ಸಮಿತಿ ಮಾಡಿ ಕಾಡಿಗೇ ಕಳಿಸ್ತೀವಿ, ಅಂದರು. ನಮ್ಮ ಮೆಂಬರು ಸಂತೋಷದಿಂದ ಎದ್ದು, ಹಿಂದಕ್ಕೆ ತಗೊಳ್ಳೋಕೆ ಸಭೆಯ ಅನುಮತಿ ಬೇಕು ಅಂದರು. ಕೇಳಿದ್ದನ್ನ ಇನ್ನು ಕೇಳಲ್ಲ ಅನ್ನೋದಕ್ಕೂ ಅಲ್ಲಿ ಅಪ್ಪಣೆ ಬೇಕಂತೆ. ಅಧ್ಯಕ್ಷರು ಕೇಳಿದರು. ಸಭೆಗೆ ಸಭೆಯೇ "ಹೌದು" ಅಂತು. ಗೋಡೆ ಗುಡುಗಿತು.

ಜೇನಜ್ಜಿ ನನ್ನ ಕಿವಿಗೆ ಬಾಗಿದಳು. "ಎಲ್ರೂ ಒಪ್ಪಿದ್ರಾ?"

"ಒಪ್ಪಿದ್ರು."

"ಏನಂತ?"

"ಸದ್ಯಕ್ಕೆ ನಿಮ್ಮ ವಿಷಯ ಬ್ಯಾಡ ಅಂತ."

"ಒಬ್ರೂ ಅಡ್ಡ ಮಾತಾಡ್ನಿಲ್ಲ ನೋಡು" ಅಂದಳು. "ಒಳ್ಳೇ ಒಗ್ಗಟ್ಟು."

ಹೊರಗೆ ಬಂದು ಚೀಲ ಇಸಕೊಂಡು ಬಿಚ್ಚಿ ನೋಡಿದಳು. ಎರಡು ಎಲೆ ಕಮ್ಮಿ. ತಲೆಯೆತ್ತಿ ಪೇಟದವನ ಮುಖ ನೋಡಿದಳು. ಅವನ ತುಟಿ ಕೆಂಪಗಿತ್ತು.

"ಓಗ್ಲಿ ಬಿಡು" ಅಂದಳು ನನಗೆ. "ಇಷ್ಟು ದೊಡ್ಡ ಮನೇಲಿ ಈವಯ್ಯ ಒಬ್ಬನಾದ್ರೂ ಒಪ್ಪವ್ನೆ."

ಎರಡು ಪಾದ, ಒಬ್ಬ ಸದಸ್ಯ

ಸಮಿತಿಯಲ್ಲಿ ಐದು ಜನ. ಕನಿಷ್ಠ ಮೂರು ಜನ ಕೂತರೆ ಮಾತ್ರ ಸಭೆ ಸಭೆಯಾಗುತ್ತೆ, ಇಲ್ಲದಿದ್ದರೆ ಅದು ಹರಟೆ. ಬಂದದ್ದು ಮೂರೇ. ಕಾಡಿಗೆ ಹೋಗೋ ಹಿಂದಿನ ದಿನ ನಮ್ಮ ಮನೆಯಲ್ಲಿ ಊಟ. ಅವರಲ್ಲಿ ಒಬ್ಬರು ಮಹಾಶಯರು ನಾನು ಮಾಡಿದ ಅವರೆಕಾಳು ಸಾರಿಗೆ ಎಷ್ಟು ಮುದ್ದೆ ನುಂಗಿದರು ಅಂತ ಹೇಳಲ್ಲ, ಮಂಡಿಸಿದರೆ ದೃಷ್ಟಿಯಾಗುತ್ತೆ. ಮಾರನೇ ದಿನ ಜೀಪಿನ ಹಿಂದಿನ ಸೀಟಲ್ಲಿ ಮಲಗಿದವರು ಕಾಮಸಮುದ್ರ ಬಂದರೂ ಏಳಲಿಲ್ಲ, ಕಾಡು ಬಂದರೂ ಏಳಲಿಲ್ಲ. ನಮ್ಮ ಮೆಂಬರು ಸಮಿತಿಯವರಲ್ಲದಿದ್ದರೂ ದಾರಿ ತೋರಿಸೋಕೆ ಜೊತೆಗಿದ್ದರು. ಅಡುಗೆಗೆ ಅಂತ ನನ್ನನ್ನೂ ಕರಕೊಂಡು ಹೋಗಿದ್ದರು, ಹಾಗಾಗಿ ಇದೆಲ್ಲ ಹತ್ತಿರದಿಂದ ಕಂಡದ್ದು.

ಸಮಿತಿಯ ಅಧ್ಯಕ್ಷರಿಗೆ ಚಿಂತೆ. "ಎಬ್ಬಿಸೋದು ಹೇಗ್ರೀ?"

ಜೊತೆಗೆ ಬಂದಿದ್ದ ಕಾರ್ಯದರ್ಶಿ ಸಣಕಲು ಆಸಾಮಿ, ಕಂಕುಳಲ್ಲಿ ಯಾವಾಗಲೂ ನಿಯಮದ ಪುಸ್ತಕ. ಪುಟ ತಿರುವಿ ಹೇಳಿದ: "ಹಾಜರಿರಬೇಕು ಅಂತ ಇದೆ ಸಾರ್. ಎದ್ದಿರಬೇಕು ಅಂತ ಎಲ್ಲೂ ಇಲ್ಲ."

ಜೀಪನ್ನ ತಳ್ಳಿ ಹೊಂಗೆಮರದ ಕೆಳಗೆ ಸಭೆಯ ಪಕ್ಕಕ್ಕೇ ತಂದರು. ಹಿಂದಿನ ಬಾಗಿಲು ತೆಗೆದಿಟ್ಟರು. ಅವರ ಪಾದ ಹೊರಗೆ ಕಾಣುತ್ತಿತ್ತು. ಕಾರ್ಯದರ್ಶಿ ಗಂಟೆಗೊಂದು ಸಲ ಎಣಿಸೋನು: ಅಧ್ಯಕ್ಷರು ಒಂದು, ಇನ್ನೊಬ್ಬ ಸದಸ್ಯರು ಎರಡು, ಪಾದ ಮೂರು. ಗುಡಿಸಲ ಹೆಂಗಸೊಬ್ಬಳು ನೊಣ ಮುತ್ತದಿರಲಿ ಅಂತ ಪಾದದ ಮೇಲೆ ಬಟ್ಟೆ ಹೊದಿಸಿದಳು. ಕಾರ್ಯದರ್ಶಿ ಓಡಿಬಂದು ತೆಗೆಸಿದ. ಮುಚ್ಚಿದರೆ ಗೈರುಹಾಜರಿ.

ಮಿಕ್ಕ ಇಬ್ಬರು ಪ್ರಶ್ನೆ ಮೇಲೆ ಪ್ರಶ್ನೆ ಹಾಕಿದರು. ಪಹಣಿ ಇದೆಯಾ, ಪಟ್ಟಾ ಇದೆಯಾ, ಎಷ್ಟು ವರ್ಷದಿಂದ ಇದ್ದೀರಿ, ಇರೋದಕ್ಕೆ ಆಧಾರ ಏನು. ಜೇನಜ್ಜಿ ಒಂದು ಹುಣಸೆಮರ ತೋರಿಸಿ, "ಇದನ್ನ ನೆಟ್ಟೋನು ನಮ್ಮಜ್ಜ. ಬರಕೊಳ್ಳಿ" ಅಂದಳು. ಮರದ ಸಹಿ ಇಲ್ಲದೆ ಬರಕೊಳ್ಳೋಕೆ ಆಗಲ್ಲ ಅನ್ನೋ ಹಾಗೆ ಕಾರ್ಯದರ್ಶಿ ಮುಖ ಮಾಡಿದ. ಗಾರ್ಡು ಪಕ್ಕದಲ್ಲೇ ನಿಂತು ಮೀಸೆ ಸವರುತ್ತಿದ್ದ.

ಜೇನಜ್ಜಿ ನನ್ನ ಹತ್ತಿರ ಬಂದು ಜೀಪಿನ ಕಡೆ ಕಣ್ಣು ಮಾಡಿದಳು. "ಬಂದೋರಲ್ಲಿ ಒಳ್ಳೆಯವರು ಅವರೊಬ್ರೇ ಕಣಕ್ಕ. ನಮ್ಗೆ ಅಡ್ಡವಾಗಿ ಒಂದು ಮಾತೂ ಆಡ್ನಿಲ್ಲ."

ತಟ್ಟೆ ಖಾಲಿಯಾದದ್ದು

ಊಟವಾಯಿತು. ಊಟವಾದ ಮೇಲೆ ದೊಡ್ಡವರಿಗೆ ಎಲೆ ಅಡಿಕೆ ಬೇಕು. ಕೇಳೋ ಮೊದಲೇ ಜೇನಜ್ಜಿ ಹಿತ್ತಾಳೆ ತಟ್ಟೆ ಹಿಡಿದು ಬಂದಳು. ಎಲೆ ಎಷ್ಟಿವೆ ಅಂತ ಎಣಿಸಿದವಳು ನಾನೊಬ್ಬಳೇ. ಗುಡಿಸಲಿನ ದೊಡ್ಡವರ ತಲೆಗೊಂದು, ಬಂದವರ ತಲೆಗೊಂದು. ಹೆಚ್ಚಿಲ್ಲ, ಕಮ್ಮಿಯಿಲ್ಲ.

ಗುಡಿಸಲಿನವರು ಮೊದಲು ತಗೊಂಡರು. ಅಧ್ಯಕ್ಷರು ತಗೊಂಡರು. ಇನ್ನೊಬ್ಬ ಸದಸ್ಯರು ಸುಣ್ಣ ಜಾಸ್ತಿ ಕೇಳಿ ತಗೊಂಡರು. ನಮ್ಮ ಮೆಂಬರು ತಗೊಂಡರು. ಕಾರ್ಯದರ್ಶಿ ಪುಸ್ತಕ ಮಡಚಿಟ್ಟು ತಗೊಂಡ. ಗಾರ್ಡಿಗೆ ಎಲೆ ಅಂದರೆ ಪ್ರಾಣ. ಕ್ಯಾಸಂಬಳ್ಳಿ ಕಡೆಯವನು, ಈ ಕಾಡಿನ ಕಟ್ಟಳೆ ಗೊತ್ತಿಲ್ಲ, ಕೈ ಹಾಕಿ ತಗೊಂಡ. ನಾನೂ ತಗೊಂಡೆ. ಒಂದು ಉಳೀತು. ಜೇನಜ್ಜಿ ಅದನ್ನ ಮಡಚಿ ಜೀಪಿನ ಹತ್ತಿರ ಹೋಗಿ ಮಲಗಿದ್ದ ಸದಸ್ಯರ ಅಂಗೈಗಿಟ್ಟಳು. ಅವರು ಕಣ್ಣು ಬಿಡದೆಯೇ ಬಾಯಿಗೆ ಹಾಕಿಕೊಂಡು ಮಗ್ಗುಲಾದರು.

ಜೇನಜ್ಜಿ ಖಾಲಿ ತಟ್ಟೆಯನ್ನ ಎಲ್ಲರಿಗೂ ಕಾಣೋ ಹಾಗೆ ಎತ್ತಿ ಹಿಡಿದಳು. "ಆಯ್ತು. ನಾವು ಇಲ್ಲೇ ಇರ್ತೀವಿ. ಎಲ್ರೂ ಒಪ್ಪಿದ್ರಿ, ಒಳ್ಳೇದಾಯ್ತು."

ಈ ಕಟ್ಟಳೆಯನ್ನ ನನ್ನಿಂದ ಕೇಳಿ ತಿಳಿದಿದ್ದ ಮೆಂಬರು ವಿಷಯ ಬಿಡಿಸಿ ಹೇಳಿದರು. ಎಲ್ಲರ ದವಡೆ ಒಟ್ಟಿಗೆ ನಿಂತಿತು.

"ಹಾಗೆಲ್ಲ ಆಗಲ್ಲ ಅಜ್ಜಿ" ಅಂದ ಕಾರ್ಯದರ್ಶಿ. "ವರದಿ ಬರೀಬೇಕು, ಸಭೆಯ ಮುಂದಿಡಬೇಕು, ಚರ್ಚೆ ಆಗಬೇಕು, ಆಮೇಲೆ ತೀರ್ಮಾನ."

"ಅದು ನಿಮ್ದು, ನೀವು ಮಾಡ್ಕೊಳ್ಳಿ. ನಮ್ದು ಆಗೋಯ್ತು. ಒಪ್ಪದಿರೋರು ಎಲೆ ವಾಪಸ್ ಇಡಿ."

ತಟ್ಟೆ ಮುಂದೆ ಹಿಡಿದಳು. ಕಾರ್ಯದರ್ಶಿ ಪುಸ್ತಕವನ್ನ ಮೊದಲಿಂದ ಕೊನೆವರೆಗೆ ತಿರುವಿದ. ಅಗಿದ ಎಲೆಯ ಬಗ್ಗೆ ಒಂದು ಸಾಲೂ ಇರಲಿಲ್ಲ. ಮತ್ತೆ ಮಾತಾಡೋಣ ಅಂದರೆ ಬಾಯಿ ತುಂಬ ರಸ, ಉಗುಳೋಣ ಅಂದರೆ ಹದಿನೆಂಟು ಗುಡಿಸಲಿನವರೂ ನೋಡುತ್ತಿದ್ದಾರೆ. ಕೊನೆಗೆ ನುಂಗಿದ. ವರದಿಯಲ್ಲಿ ಮಾತ್ರ "ಸ್ಥಳೀಯರ ಆತಿಥ್ಯವನ್ನು ಸ್ವೀಕರಿಸಲಾಯಿತು" ಅಂತ ಬರೆದನಂತೆ.

ಹಿತ್ತಲ ಬಾಗಿಲಿಗೆ ಬಂದ ಕಾಗದ

ಆ ವರದಿಯನ್ನ ಯಾರೂ ಓದಲಿಲ್ಲ. ಅಷ್ಟರಲ್ಲಿ ಚುನಾವಣೆ ಬಂತು, ಸಭೆಯೇ ವಿಸರ್ಜನೆಯಾಯಿತು, ಅದರ ಜೊತೆ ಬಾಕಿ ಇದ್ದದ್ದೆಲ್ಲ ಬಿದ್ದುಹೋಯಿತು. ನಮ್ಮ ಮೆಂಬರೂ ಬಿದ್ದರು. ಹೊಸಬರು ಬಂದ ಸ್ವಲ್ಪ ದಿನಕ್ಕೆ ಗಾರ್ಡಿಗೆ ಮೇಲಿನಿಂದ ಒಂದು ಕಾಗದ: ಮಳೆಗೆ ಮೊದಲು ಗುಡಿಸಲು ತೆರವು ಮಾಡಿಸಿ, ಮಾಡಿಸಿದ ಬಗ್ಗೆ ಉತ್ತರ ಬರೆ.

ಗಾರ್ಡು ಕಾಗದ ಹಿಡಿದು ಹೋದ. ಜನ ಸುತ್ತ ಕೂತಿದ್ದರು, ನಡುವೆ ಖಾಲಿ ತಟ್ಟೆ.

"ಬಾರಪ್ಪ ಗಾರ್ಡಪ್ಪ. ಎಲೆ ತಂದ್ಯಾ?" ಅಂದಳು ಜೇನಜ್ಜಿ.

"ಯಾವ ಎಲೆ?"

"ಆವತ್ತು ತಕೊಂಡ್ಯಲ್ಲ, ಅದು. ತಟ್ಟೆಗಿಟ್ಟು ಆಮ್ಯಾಕೆ ಗುಡಿಸ್ಲು ಮುಟ್ಟು."

"ಒಂದು ಕಟ್ಟು ಹೊಸ ಎಲೆ ತಂದ್ಕೊಡ್ತೀನಿ, ಬಿಡಮ್ಮ."

"ಒಸದು ಬ್ಯಾಡ. ಅದೇ ಬೇಕು."

ನಕ್ಕು, ನಾಳೆ ಆಳುಗಳನ್ನ ಕರಕೊಂಡು ಬತ್ತೀನಿ ಅಂತ ವಾಪಸ್ ಬಂದ. ಕಾಮಸಮುದ್ರಕ್ಕೆ ಅವನಿಗಿಂತ ಮೊದಲೇ ಸುದ್ದಿ ಬಂದಿತ್ತು. ಒಂದು ಆಳೂ ಸಿಗಲಿಲ್ಲ. ಎಲೆ ಅಂಗಡಿಯವನು ಬುಟ್ಟಿಗೆ ಗೋಣಿ ಮುಚ್ಚಿ, "ಎಲೆ ಹಾಕ್ಕೊಂಡು ಮಾತು ತಪ್ಪೋರಿಗೆ ನಾನು ಮಾರಲ್ಲ" ಅಂದ. ಮನೆಗೆ ಹೋದರೆ ಹೆಂಡತಿ. ಅವಳು ಕಾಮಸಮುದ್ರದ ಮಗಳೇ. ಊಟ ಬಡಿಸಿದಳು, ಎಲೆ ಮಡಚಿಕೊಡಲಿಲ್ಲ. "ಮೊದ್ಲು ಹಳೇದು ವಾಪಸ್ ಇಟ್ಟು ಬಾ" ಅಂದಳು.

ಹನ್ನೊಂದು ದಿನ ಎಲೆ ಇಲ್ಲ. ಹನ್ನೆರಡನೇ ದಿನ ನಮ್ಮ ಹಿತ್ತಲ ಬಾಗಿಲಿಗೆ ಬಂದ, ಬುರುಡೆ ತಂದಿದ್ದ ಅದೇ ಬಾಗಿಲು. ತುಟಿ ಬಿಳಿಚಿಕೊಂಡು ಗುರುತೇ ಸಿಗೋ ಹಾಗಿರಲಿಲ್ಲ.

"ಅಕ್ಕಯ್ಯ, ಮೆಂಬರು ಅವ್ರಾ?"

"ಈಗ ಮೆಂಬರಲ್ಲಪ್ಪ. ಅಲ್ದೆ ಇವತ್ತು ಬುಧವಾರ."

ಹೊಸಿಲ ಮೇಲೆ ಕುಸಿದ. "ಕಿತ್ತು ಹಾಕಿದ್ರೆ ಹೆಂಡ್ತಿ ಬಿಡಲ್ಲ, ಊರು ಬಿಡಲ್ಲ. ಹಾಕ್ದಿದ್ರೆ ಕೆಲ್ಸ ಹೋಯ್ತದೆ. ಈ ಕಾಗದಕ್ಕೆ ಏನಂತ ಬರೀಲಿ ಅಕ್ಕಯ್ಯ?"

ಎರಡನೇ ಕ್ಲಾಸಿನವಳನ್ನ ಸರ್ಕಾರ ಸಲಹೆ ಕೇಳಿದ್ದು ಅದೊಂದೇ ಸಲ. ಅಮ್ಮಾವ್ರ ಪೆನ್ಸಿಲ್ ತಂದು ಕೈಗೆ ಕೊಟ್ಟೆ. "ಬರಕೊ. ಮಾಹಿತಿ ಸಂಗ್ರಹಿಸಲಾಗುತ್ತಿದೆ."

ಬರೆದ. "ಇದನ್ನ ಬರೆದ್ರೆ ಏನಾಗ್ತದೆ?"

"ಏನೂ ಆಗಲ್ಲ. ಅದಕ್ಕೇ ಬರೆಸಿದ್ದು."

ಎಂಟು ತಿಂಗಳಿಗೆ ಮೇಲಿನಿಂದ ಉತ್ತರ ಬಂತು: ಮಾಹಿತಿಯನ್ನು ಬೇಗ ಸಂಗ್ರಹಿಸತಕ್ಕದ್ದು. ಅವನು ಮತ್ತೆ ಅದನ್ನೇ ಬರೆದ. ಆರು ಮಳೆ ಬಂದು ಹೋದವು. ಗುಡಿಸಲು ಹದಿನೆಂಟು ಇದ್ದದ್ದು ಇಪ್ಪತ್ತಾಯಿತು. ಗಾರ್ಡು ಎಲೆ ಅಗಿಯುತ್ತಾ, ಮಾಹಿತಿ ಸಂಗ್ರಹಿಸುತ್ತಾ, ಕೆಂಪು ಬಾಯಲ್ಲೇ ಪೆನ್ಷನ್ ತಗೊಂಡ.

ಅವನ ಜಾಗಕ್ಕೆ ಬಂದವನು ಎಳೆಯ ಪ್ರಾಯ, ಹೊಸ ಬೂಟು, ಕಡತವೆಲ್ಲ ಓದಿಕೊಂಡೇ ಕಾಡಿಗೆ ಹೋದನಂತೆ. "ಇಷ್ಟು ವರ್ಷ ಇಲ್ಲಿ ಅದೇನು ಮಾಹಿತಿ ಸಂಗ್ರಹಿಸ್ತಾ ಇದ್ರು? ನನಗೆ ಇವತ್ತೇ ಗೊತ್ತಾಗಬೇಕು" ಅಂತ ಕೇಳಿದನಂತೆ.

ಜೇನಜ್ಜಿಗೆ ಆಗ ಕಣ್ಣು ಮಂಜು. ಮೊಮ್ಮಗಳ ಕೈಲಿ ತಟ್ಟೆ ತರಿಸಿ ಅವನ ಮುಂದೆ ಹಿಡಿದಳಂತೆ.

"ದೂರದಿಂದ ಬಂದಿದ್ದೀಯ. ಮೊದ್ಲು ಒಂದೆಲೆ ತಕೋ ಸಾಮಿ, ಆಮ್ಯಾಕೆ ಮಾತಾಡಾನ."